ಮುಯ್ಯಿ ತೀರಿಸದ ಮೂವರು

ಇಂಜಿನಿಯರಿಂಗ್ ಓದುವ ಹುಡುಗರನ್ನು ಕಂಡರೆ ನನಗಾಗುವುದಿಲ್ಲ. ಮೊಮ್ಮಗಳೂ ಅದನ್ನೇ ಓದುತ್ತಾಳೆ, ಅವಳ ಎದುರಿಗೇ ಹೇಳಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ಯಾರು ದುಡಿಯುತ್ತಾರೆ, ಯಾರು ನೆರಳಲ್ಲಿ ನಿಂತಿರುತ್ತಾರೆ ಅನ್ನುವುದು ತಿಳಿಯಲು ಅಷ್ಟೂ ಬೇಕಾಗಿಲ್ಲ.

ಹೋದ ವರ್ಷ ಕಾಲೇಜಿನಲ್ಲಿ ನಾಲ್ವರು ಸೇರಿ ಒಂದು ಪ್ರಾಜೆಕ್ಟ್ ಮಾಡಬೇಕಾಗಿತ್ತು. ಇವಳೊಬ್ಬಳು, ಜೊತೆಗೆ ತಿಪಟೂರು ಪೇಟೆಯ ಮೂವರು ಹುಡುಗರು. ಬಿಳಿಗೆರೆ ಕಡೆಯ ನಾವು ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಕಾಯಿ ತಟ್ಟಿದ ಸದ್ದಿನಿಂದಲೇ ಕೊಬ್ಬರಿ ಆಗಿದೆಯೋ ಇಲ್ಲವೋ ಹೇಳುವ ಪೆಟ್ಟಿಗೆ ಮಾಡುತ್ತೇವೆ ಅಂದರು. ಅಟ್ಟ ನನ್ನದು. ಹಾಳಾಗಿ ಹೋಗಲಿ ಅಂತ ಒಪ್ಪಿದೆ.

ಮೊದಲ ದಿನ ಮೂವರೂ ಬಂದರು. ಅಟ್ಟ ಹತ್ತಿ ಫೋಟೋ ತೆಗೆದುಕೊಂಡರು, ಮುದ್ದೆ ಬೇಡವೆಂದು ಅನ್ನ ಮಾಡಿಸಿಕೊಂಡು ಉಂಡರು, ಹೋದರು. ಮತ್ತೆ ಬರಲಿಲ್ಲ. ಭಾನುವಾರ ಭಾನುವಾರ ಇವಳೇ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹತ್ತಿ, ನಂಬರ್ ಬರೆದ ಕಾಯಿಗಳನ್ನು ತಟ್ಟಿ ಸದ್ದನ್ನು ಫೋನಿಗೆ ತುಂಬಿಕೊಳ್ಳುತ್ತಿದ್ದಳು. ಸಾಲದೆಂದು ಕಾಲೇಜಿನಲ್ಲಿ ಒಬ್ಬನ ವೈರ್ ಕೆಲಸ, ಇನ್ನೊಬ್ಬನ ರಿಪೋರ್ಟು, ಎಲ್ಲ ಇವಳದೇ. ಅವರ ಜೀತ ಯಾಕೆ ಮಾಡ್ತೀಯೆ ಅಂತ ಕೇಳಿದೆ.

"ನಾನು ಅವರದು ಮಾಡಿದೀನಿ, ನಂದಕ್ಕೆ ಅವರು ಬತ್ತಾರೆ ಬುಡಜ್ಜಿ" ಅಂದಳು.

ಇದು ನಮ್ಮ ಕಡೆಯ ಮುಯ್ಯಿ. ಇವತ್ತು ನಿನ್ನ ಹೊಲಕ್ಕೆ ನಾನು ಬಂದರೆ, ನಾಳೆ ನನ್ನ ಹೊಲಕ್ಕೆ ನೀನು. ಕೂಲಿ ಇಲ್ಲ. ಬಾ ಅಂತ ಬಾಯಿಬಿಟ್ಟು ಕೇಳುವುದು ಇಬ್ಬರಿಗೂ ಅವಮಾನ. ಇವಳು ಅದನ್ನು ನೋಡುತ್ತಲೇ ಬೆಳೆದವಳು. ಕಾಲೇಜಿನಲ್ಲೂ ಕೇಳದೆ ಕಾದಳು.

ಕಾದದ್ದಕ್ಕೆ ಸಿಕ್ಕಿದ್ದೇನು? ಯಾವುದೋ ದೊಡ್ಡ ಕಾಲೇಜಿನ ಸೆಮಿನಾರಿಗೆ ಈ ಪೆಟ್ಟಿಗೆಯ ಬಗ್ಗೆ ಬರೆದ ಪೇಪರ್ ಹೋಯಿತು. ಅದರಲ್ಲಿ ಮೂವರು ಹುಡುಗರ ಹೆಸರು, ಮೇಷ್ಟರ ಹೆಸರು. ಇವಳದಿಲ್ಲ. ಬಸ್ಸಿನಲ್ಲಿ ಫೋನ್ ನೋಡಿಕೊಂಡು ಬಂದವಳು ಊಟ ಬಿಟ್ಟು ಮಲಗಿದಳು. ಆಗಲೂ ಅವರನ್ನು ಒಂದು ಮಾತು ಕೇಳಲಿಲ್ಲ.

ಆ ವಾರವೇ ಮೂವರೂ ಬೈಕಿನಲ್ಲಿ ಬಂದರು. ಪರೀಕ್ಷೆ ಮಾಡುವವರ ಮುಂದೆ ನಂಬರಿನ ಕಾಯಿ ಒಡೆದು ತೋರಿಸಬೇಕಂತೆ. ನಾನು ಏಣಿಯ ಬುಡದಲ್ಲಿ ನಿಂತೆ.

"ಏಣಿ ಮುಟ್ಟಿದ್ರೆ ಕೈ ಮುರೀತೀನಿ ಕಣ್ಲಾ. ಅವಳ ಹೆಸರೆಲ್ಲಿ?"

ಮುಂದೆ ನಿಂತವನು ಕೊಬ್ಬರಿ ವ್ಯಾಪಾರಿಯ ಮಗ. ಪೇಪರ್ ಬರೆಯುವಾಗ ಅವಳು ಇರಲಿಲ್ಲ ಅಂದ. ಎಲ್ಲಿದ್ದಳು? ನನ್ನ ಅಟ್ಟದ ಮೇಲಿದ್ದಳು.

"ಒಂದಿನಾನೂ ಬನ್ನಿ ಅಂತ ಕರೀಲಿಲ್ಲ ಅಜ್ಜಿ. ಇಷ್ಟ ಪಟ್ಟು ಮಾಡ್ತಾವ್ಳೆ ಅನ್ಕೊಂಡ್ವಿ."

ಅವನು ಹೇಳಿದ್ದು ಸುಳ್ಳಲ್ಲ. ಅದಕ್ಕೇ ನನ್ನ ಮೈ ಇನ್ನೂ ಉರಿಯಿತು.

"ಉಣ್ಣಕ್ಕೆ ಕರೆದಿದ್ರಾ ನಿಮ್ಮನ್ನ? ಅದಕ್ಕೆ ಬಂದ್ರಲ್ಲ. ಕೆಲಸಕ್ಕೆ ಮಾತ್ರ ತಮಟೆ ಹೊಡೆಸ್ಬೇಕಾಗಿತ್ತಾ?"

ಇನ್ನೂ ಬೈಯುತ್ತಿದ್ದೆ. ಮೊಮ್ಮಗಳು ಒಳಗಿನಿಂದ ಬಂದು ನನ್ನನ್ನು ಪಕ್ಕಕ್ಕೆ ಸರಿಸಿ ಏಣಿಯ ಮೆಟ್ಟಿಲ ಮೇಲೆ ತಾನೇ ಕೂತಳು.

"ಈಗ ಕೇಳ್ತಾ ಇದೀನಿ. ಸರ್‌ಗೆ ಫೋನ್ ಮಾಡು. ನನ್ನ ಹೆಸರು ಹಾಕಿ ಇನ್ನೊಂದ್ಸಲ ಕಳ್ಸು. ಅಟ್ಟದ ಕೆಲಸದ ಬಗ್ಗೆ ಸೆಮಿನಾರಲ್ಲಿ ನಾನೇ ಮಾತಾಡೋದು. ಆಮೇಲೆ ಕಾಯಿ."

ಅವನು ಏಣಿ ನೋಡಿದ, ನನ್ನನ್ನು ನೋಡಿದ, ಫೋನ್ ಮಾಡಿದ. ಕಳಿಸುವ ಗಡುವು ಇನ್ನೂ ಮುಗಿದಿರಲಿಲ್ಲ. ನಿಮ್ಮ ನಿಮ್ಮಲ್ಲೇ ತೀರ್ಮಾನ ಮಾಡಿಕೊಳ್ಳಿ ಅಂದರಂತೆ ಮೇಷ್ಟರು. ಆ ಮನುಷ್ಯನಿಗೆ ಸಂಬಳ ಯಾಕೆ ಕೊಡುತ್ತಾರೋ. ನಮ್ಮ ಜಗಲಿಯಲ್ಲೇ ಕೂತು ಹೆಸರು ಸೇರಿಸಿ ಕಳಿಸಿದರು. ಇವಳು ಫೋನ್ ಇಸಕೊಂಡು ಓದಿ ನೋಡಿ ಎದ್ದಳು. ಅವರು ಕಾಯಿ ಇಳಿಸಿಕೊಂಡು ಹೋಗುವವರೆಗೂ ನಾನು ಒಂದು ಲೋಟ ನೀರು ಕೊಡಲಿಲ್ಲ.

ಸೆಮಿನಾರಿನಲ್ಲಿ ಇವಳೂ ಮಾತಾಡಿ ಬಂದಳು. ಈಗ ಕ್ಯಾಂಟೀನಿನಲ್ಲಿ ಇವಳು ಕೂತರೆ ಆ ಮೂವರೂ ಎದ್ದು ಹೋಗುತ್ತಾರಂತೆ. ನಿನ್ನ ಬಾಯಿಂದಲೇ ಆಗಿದ್ದು ಅಂತ ನನಗೆ ಹೇಳಿದಳು. ಆಗ್ಲಿ ಬುಡು ಅಂದೆ. ಕೇಳಿ ಮುಯ್ಯಿ ಪಡೆದವರನ್ನು ನಮ್ಮೂರಲ್ಲೂ ಮರುವರ್ಷ ಬಿತ್ತನೆಗೆ ಯಾರೂ ಸೇರಿಸಿಕೊಳ್ಳುವುದಿಲ್ಲ.

ಕೊನೆ ವರ್ಷಕ್ಕೆ ಮತ್ತೊಂದು ಪ್ರಾಜೆಕ್ಟ್ ಇದೆ, ಗುಂಪು ಸಿಕ್ಕಿಲ್ಲ. ಮೊನ್ನೆ ಅಂಗಳದಲ್ಲಿ ನಿಂತು, ಯಾರ್ಯಾರು ಏನೇನು ಮಾಡ್ತೀರ ಮೊದಲೇ ಹೇಳಿ, ಆಮೇಲೆ ಸೇರ್ತೀನಿ ಅಂತ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದಳು. ಆ ಕಡೆಯವರು ಇಟ್ಟುಬಿಟ್ಟರು ಅಂತ ಕಾಣುತ್ತದೆ. ಇವಳು ಇನ್ನೊಬ್ಬರಿಗೆ ಫೋನ್ ಮಾಡಿದಳು.