ಎಂಟು ಗುಂಪಿನ ವಿಳಾಸ ಕಲಿಸಿದ ವೈನಿ

ನಮ್ಮ ವೈನಿಯ ಬಲಗೈ ಹೆಬ್ಬೆರಳಿನ ಉಗುರು ನಡುವೆ ಉದ್ದಕ್ಕೆ ಸೀಳಿದೆ. ವೈರಿನ ಸಿಪ್ಪೆ ಸುಲಿದು ಸುಲಿದು ಹಾಗಾಯಿತು. ಇಕ್ಕಳ ಚೀಲದಲ್ಲೇ ಇದ್ದರೂ ಅವರ ಉಗುರೇ ಮುಂದೆ ಹೋಗುತ್ತದೆ. ರೊಟ್ಟಿ ಬಡಿಯುವಾಗ ಆ ಸೀಳಿನಲ್ಲಿ ಜೋಳದ ಹಿಟ್ಟು ತುಂಬಿ ಬಿಳಿ ಗೆರೆಯೊಂದು ಕಾಣುತ್ತದೆ.

ಅವರು ನನ್ನ ಅಣ್ಣನ ಹೆಂಡತಿ. ವಿಜಯಪುರದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ, ಗಡಿ ದಾಟಿ ಮಹಾರಾಷ್ಟ್ರದಲ್ಲಿರುವ ಉಟಗಿಯ ನಮ್ಮ ಮನೆಗೆ ಸೊಸೆಯಾಗಿ ಬಂದರು. ಹಳ್ಳಿಗಳಿಗೆ ಇಂಟರ್ನೆಟ್ ಕೊಡುವ ಜತ್ತಿನ ಸಣ್ಣ ಅಂಗಡಿಯೊಂದರಲ್ಲಿ ಕೆಲಸ. ದಿನಾ ಎಸ್‌ಟಿ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಗಿರಾಕಿಗಳ ಜೊತೆ ಮರಾಠಿ, ಸಿಟ್ಟು ಬಂದರೆ ಕನ್ನಡ. ಆದರೆ ಸಿಟ್ಟು ಬರುವುದೇ ಅಪರೂಪ. ಚಹಾವನ್ನು ಬಶಿಗೆ ಸುರಿದು, ಪೂರ್ತಿ ಆರಿದ ಮೇಲೆಯೇ ಕುಡಿಯುತ್ತಾರೆ. ಯಾರಾದರೂ ಗಡಿಬಿಡಿ ಮಾಡಿದರೆ "ಸಾವಕಾಶ" ಅನ್ನುತ್ತಾರೆ, ಅದೊಂದೇ ಮಾತು.

ನಾನು ಊರಿನ ಖಾಸಗಿ ದವಾಖಾನೆಯೊಂದರಲ್ಲಿ ನರ್ಸ್. ನಾವು ತೆಗೆದ ಇಸಿಜಿಯನ್ನು ಸಾಂಗಲಿಯ ಹೃದಯದ ಡಾಕ್ಟರಿಗೆ ಕಂಪ್ಯೂಟರಿನಿಂದಲೇ ಕಳಿಸುವ ಏರ್ಪಾಡಾದಾಗ ಅದರ ವೈರು ಎಳೆದವರು ವೈನಿ. ಪರದೆಯ ಮೇಲೆ ಅಂಕಿ, ಇಂಗ್ಲಿಷ್ ಅಕ್ಷರ, ಚುಕ್ಕಿಗಳು ಬೆರೆತ ಉದ್ದನೆಯ ಸಾಲೊಂದು ಕಂಡಿತ್ತು. ಅದೇನೆಂದು ಸಂಜೆ ಅಡುಗೆಮನೆಯಲ್ಲಿ ಕೇಳಿದೆ.

ವೈನಿ ಪರಾತದಲ್ಲಿದ್ದ ಒಣಹಿಟ್ಟನ್ನು ಅಂಗೈಯಿಂದ ಸಮ ಮಾಡಿ, ಅದರ ಮೇಲೆ ಬೆರಳಿನಿಂದ ಅಂಥದೇ ಒಂದು ಸಾಲು ಬರೆದರು. "ಅದು ಯಂತ್ರದ ವಿಳಾಸ. ಹಳೀ ನಮೂನಿ ನಂಬರ ಜಗತ್ತಿಗೆ ಸಾಲಲಿಲ್ಲ, ಅದಕ್ಕ ಈ ಉದ್ದಂದು ಬಂತು. ಎಂಟು ಗುಂಪು, ಗುಂಪಿಗೆ ನಾಕು ಅಕ್ಷರ. ನಡುವ ಮ್ಯಾಲೊಂದು ಕೆಳಗೊಂದು ಚುಕ್ಕಿ. ಸೊನ್ನಿಯಿಂದ ಒಂಬತ್ತು ಅಂಕಿ ಮುಗದ ಮ್ಯಾಲ ಎ ಯಿಂದ ಎಫ್ ತನಕ ಅಕ್ಷರ."

"ಇಷ್ಟುದ್ದ ಯಾರು ಬರೀತಾರ್ರಿ ವೈನಿ?"

"ಯಾರೂ ಬರಿಯಂಗಿಲ್ಲ." ಗುಂಪುಗಳ ಮುಂದಿದ್ದ ಸೊನ್ನೆಗಳನ್ನು ಬೆರಳಿನಿಂದ ಅಳಿಸಿದರು. ಬರೀ ಸೊನ್ನೆಯ ಗುಂಪುಗಳು ಸಾಲಾಗಿ ಬಂದ ಕಡೆ ಎಲ್ಲ ತೆಗೆದು, ಚುಕ್ಕಿಯ ಜೋಡಿಯನ್ನು ಎರಡು ಸಲ ಒತ್ತಿ ಇಟ್ಟರು. "ಆದ್ರ ಈ ಸವಲತ್ತು ಒಂದ ಕಡೆ ಅಷ್ಟ. ಎರಡು ಕಡೆ ಹಿಂಗ ಮಾಡಿದ್ರ ಎಲ್ಲಿ ಎಷ್ಟು ಸೊನ್ನಿ ಇದ್ದೂ ಅಂತ ಯಂತ್ರಕ್ಕ ತಿಳಿಯಂಗಿಲ್ಲ."

ಶುರುವಿನ ಅಕ್ಷರ ನೋಡಿ ಬಗೆ ಗುರುತಿಸುವುದನ್ನೂ ಹೇಳಿಕೊಟ್ಟರು. ಎರಡು ಅಥವಾ ಮೂರರಿಂದ ಶುರುವಾದದ್ದಕ್ಕೆ ಜಗತ್ತೆಲ್ಲ ದಾರಿಯುಂಟು. ಎಫ್ ಡಿ ಅಂದರೆ ಒಂದು ಸಂಸ್ಥೆಯ ಒಳಗಿನ ಬಳಕೆಗೆ. ಎಫ್ ಎಫ್ ಅಂದರೆ ಹಲವು ಯಂತ್ರಗಳಿಗೆ ಒಟ್ಟಿಗೇ ಹೇಳುವಂಥದು. ಎಫ್, ಇ, ಎಂಟು, ಸೊನ್ನೆ ಅಂದರೆ ಯಂತ್ರ ತನಗೆ ತಾನೇ ಕೊಟ್ಟುಕೊಂಡದ್ದು, ಒಂದೇ ಜಾಲದ ನೆರೆಯ ಯಂತ್ರಗಳ ಜೊತೆ ಮಾತಾಡಲಿಕ್ಕೆ ಅಷ್ಟೇ.

"ಅದೊಂದ ಕಂಡ್ರ ಹೊರಗಿನ ದಾರಿ ಸಿಕ್ಕಿಲ್ಲ ಅಂತ ತಿಳಕೋ," ಎಂದು ಹಿಟ್ಟಿಗೆ ಬಿಸಿನೀರು ಸುರಿದು ನಾದತೊಡಗಿದರು.

ಮುಂದೆ ಒಂದು ಬೆಳಿಗ್ಗೆ ಅಪ್ಪ ಹೊಲದಿಂದ ಎದೆ ಹಿಡಿದುಕೊಂಡು ನೇರ ದವಾಖಾನೆಗೆ ಬಂದ. ಮೈಯೆಲ್ಲ ಬೆವರು. ನಮ್ಮ ಡಾಕ್ಟರು ಕರಜಗಿಗೆ ಹೋಗಿದ್ದರು. ಫೋನಿನಲ್ಲಿ ಒಂದು ಗುಳಿಗೆ ಹೇಳಿ, "ಇಸಿಜಿ ತಗದು ಲಗೂನ ಸಾಂಗಲಿಗೆ ಕಳಸು," ಎಂದರು. ತೆಗೆದೆ. ಕಳಿಸಿದರೆ ಹೋಗಲೊಲ್ಲದು. ಮೊಬೈಲಿನಲ್ಲಿ ಮಾತು ಕೇಳುತ್ತಿತ್ತು, ಫೋಟೊ ಮಾತ್ರ ಹೋಗುತ್ತಿರಲಿಲ್ಲ. ಅಪ್ಪನನ್ನು ಕರೆದೊಯ್ಯಲು ಜೀಪು ಬಾಗಿಲಲ್ಲಿ ಬಂದು ನಿಂತಿತ್ತು. ಜತ್ತಿಗೆ ಸಾಕೋ, ನೇರ ಸಾಂಗಲಿಗೇ ಓಡಬೇಕೋ ಹೇಳುವವರಿರಲಿಲ್ಲ.

ವೈನಿಗೆ ಫೋನು ಮಾಡಿದೆ. "ಒಬ್ಬರು ಪೇಶಂಟ್ ಬಂದಾರ್ರಿ, ಇಸಿಜಿ ಹೋಗವಲ್ದು," ಎಂದೆನೇ ಹೊರತು ಯಾರೆಂದು ಹೇಳಲಿಲ್ಲ.

"ವಿಳಾಸದ ಶುರುವಿಗೆ ಏನೈತಿ, ಓದು."

"ಎಫ್, ಇ, ಎಂಟು, ಸೊನ್ನಿ. ಎರಡರಿಂದ ಶುರು ಆಗೂದು ಇಲ್ಲೇ ಇಲ್ರಿ."

"ಹಂಗಾರ ದಾರಿ ಒಳಗ ಕಡದೈತಿ. ಮೇಜಿನ ಕೆಳಗ ಇಂಟರ್ನೆಟ್ಟಿನ ಎರಡು ಡಬ್ಬಿ ಅದಾವಲ್ಲ, ಅವೆರಡರ ನಡುವಿನ ವೈರು ನೋಡು."

ಬಗ್ಗಿ ನೋಡಿದೆ. ಕಸ ಹೊಡೆಯುವಾಗ ಸಿಕ್ಕಿಕೊಂಡಿತೋ ಏನೋ, ವೈರಿನ ಒಂದು ತುದಿ ನೆಲದ ಮೇಲೆ ಬಿದ್ದಿತ್ತು. ಚುಚ್ಚಿದೆ. ತುಸು ಹೊತ್ತಿಗೆ ಎರಡರಿಂದ ಶುರುವಾಗುವ ವಿಳಾಸ ಮೂಡಿತು. ಆದರೂ ಇಸಿಜಿ ಹೋಗಲಿಲ್ಲ. ಆಗ ವೈನಿಗೆ ಹೊಳೆಯಿತು: ಸಾಂಗಲಿಯವರು ತಮ್ಮ ಯಂತ್ರದ ವಿಳಾಸ ಬದಲಿಸಿದ್ದರು. ಹೊಸದನ್ನು ಹಾಕಲು ವೈನಿ ಮರುದಿನ ಬರುವವರಿದ್ದರು.

"ನಾ ಹೇಳ್ತೀನಿ, ನೀ ಹಾಕು," ಎಂದು ಒಂದೊಂದೇ ಅಕ್ಷರ ಹೇಳಿದರು. ಹಿಂದೆ ಅಪ್ಪ ಕೆಮ್ಮುತ್ತಿದ್ದ. ಸೊನ್ನೆಯ ಸಾಲು ಎರಡು ಕಡೆ ಬಂತು. ಅವಸರದಲ್ಲಿ ಎರಡನ್ನೂ ಮೊಟಕು ಮಾಡಿದೆ. ಕೆಂಪು ಅಕ್ಷರದಲ್ಲಿ ತಪ್ಪೆಂದು ಬಂತು.

"ಎರಡೂ ಕಡೆ ಅಳಿಸೀದಿ ಹೌದಲ್ಲ?" ವೈನಿಯ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಸಾವಕಾಶ. ಮೊದಲಿಂದ ಹಾಕೋಣು."

ಮತ್ತೆ ಹಾಕಿದೆವು. ಈ ಸಲ ಹೋಯಿತು.

ಸಾಂಗಲಿಯ ಡಾಕ್ಟರು ತಾವೇ ಫೋನು ಮಾಡಿ ಮರಾಠಿಯಲ್ಲಿ ನನ್ನನ್ನು ಬಹಳಷ್ಟು ಕೇಳಿದರು. ಸ್ವಲ್ಪ ಬಿಟ್ಟು ಇನ್ನೊಂದು ಇಸಿಜಿ ತೆಗೆಸಿ ನೋಡಿದರು. ಹೃದಯಕ್ಕೆ ಏನೂ ಆಗಿರುವಂತೆ ಕಾಣುವುದಿಲ್ಲ, ಹೊಟ್ಟೆಯ ಹುಳಿಯಿಂದ ಆಗಿರಬೇಕು, ಓಡುವ ಅವಸರವಿಲ್ಲ, ಜತ್ತಿನಲ್ಲಿ ರಕ್ತ ಪರೀಕ್ಷೆ ಮಾಡಿಸಿ ಎಂದರು. ಆ ಪರೀಕ್ಷೆಯೂ ಚಲೋ ಬಂತು. ಮಧ್ಯಾಹ್ನ ಅಪ್ಪ ಅದೇ ಜೀಪಿನಲ್ಲಿ ಮುಂದಿನ ಸೀಟಿಗೆ ಕೂತು ವಾಪಸಾದ.

ಸಂಜೆ ವೈನಿ ಬಂದು, ಒಳಗೆ ಊಟಕ್ಕೆ ಕೂತಿದ್ದ ಅಪ್ಪನನ್ನು ಬಾಗಿಲಿನಿಂದಲೇ ಒಮ್ಮೆ ನೋಡಿ, ಪಡಸಾಲೆಯಲ್ಲಿ ನನ್ನ ಪಕ್ಕ ಕೂತರು.

"ಕೆಮ್ಮು ಕೇಳಿತ್ತು," ಎಂದರು. "ಮಾವಾರ ಕೆಮ್ಮು ನನಗ ಗೊತ್ತಾಗೂದಿಲ್ಲೇನು?"

"ಮತ್ತ ಕೇಳಲಿಲ್ಲಲ್ರಿ?"

"ಕೇಳಿದ್ರ ನಿನ್ನ ಕೈ ನಡಗತಿತ್ತು. ನಾ ಗಾಬರಿ ಆಗಬಾರದಂತ ನೀನೂ ಹೇಳಲಿಲ್ಲ."

ನಿಜ, ನಾನೂ ಅದಕ್ಕೇ ಹೇಳಿರಲಿಲ್ಲ. ಆ ದಿನ ಇಸಿಜಿ ಹೋಗದೆ ಇದ್ದಿದ್ದರೂ ಅಪ್ಪ ಉಳಿಯುತ್ತಿದ್ದ. ಆದರೆ ಗೊತ್ತಿದ್ದೂ ದನಿ ಕದಲಿಸದೆ ಆ ಸೊನ್ನೆಗಳನ್ನು ಎರಡನೆಯ ಸಲ ಹೇಳಿದ ವೈನಿ ಇರದಿದ್ದರೆ ಆ ಬೆಳಗನ್ನು ನಾನು ದಾಟುತ್ತಿರಲಿಲ್ಲ. ಇದನ್ನು ಅವರಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಮಾತು ಬದಲಿಸುತ್ತಾರೆ.

ಒಳಗಿನಿಂದ ಅಪ್ಪ ಇನ್ನೊಂದು ರೊಟ್ಟಿ ಕೇಳಿದ. ವೈನಿ ಏಳಲು ಹೋಗಿ, ಗೋಡೆ ಹಿಡಿದು, ಹಾಗೇ ಕೂತುಬಿಟ್ಟರು. ಕಣ್ಣಲ್ಲಿ ನೀರಿತ್ತು, ನಗುತ್ತಲೂ ಇದ್ದರು.

"ನೀ ಹೋಗಿ ನೀಡು, ತಂಗಿ," ಎಂದರು. "ನನ್ನ ಕಾಲು ಈಗ ನಡಗಾಕತ್ತಾವು."