ನಿವೃತ್ತನಾಗದವನಿಗೆ ಸನ್ಮಾನ

ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಮಾಡಿದವನು ನಾನು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಕೇಳದವರಿಗೂ ಹೇಳುತ್ತೇನೆ. ಅಪ್ಪ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಹಮಾಲಿಯಾಗಿದ್ದವರು. ಅವರು ಹೊತ್ತ ಮೂಟೆಗಳ ಮೇಲೆ ಹತ್ತಿ ನಿಂತು ಪಡೆದ ನನ್ನ ಎಂಜಿನಿಯರಿಂಗ್ ಸರ್ಟಿಫಿಕೇಟು ಈಗ ಮೆಲ್ಬರ್ನ್‌ನ ಟ್ರುಗನಿನಾದಲ್ಲಿರುವ ನಮ್ಮ ಮನೆಯ ಹಾಲ್‌ನಲ್ಲಿ ಗಾಜು ಹಾಕಿಸಿಕೊಂಡು ತೂಗುತ್ತಿದೆ. ದೇವರ ಫೋಟೋಗಿಂತ ಒಂದು ಗೇಣು ಕೆಳಗೆ. ಆ ಒಂದು ಗೇಣು ಹೆಂಡತಿಯ ಒತ್ತಾಯಕ್ಕೆ ಬಿಟ್ಟದ್ದು.

ಪಕ್ಕದ ಮನೆಗೆ ಜರ್ಮನಿಯ ಫುಟ್‌ಬಾಲ್ ಆಟಗಾರನೊಬ್ಬ ಬಾಡಿಗೆಗೆ ಬಂದ. ಮೊದಲು ಪರಿಚಯವಾದದ್ದು ಅವನ ಹೆಂಡತಿಯದು. ಆಕೆ ಬಾಕ್ಸ್ ಹಿಲ್‌ನ ಆಸ್ಪತ್ರೆಯಲ್ಲಿ ನರ್ಸ್, ನನ್ನ ಆಫೀಸೂ ಬಾಕ್ಸ್ ಹಿಲ್‌ನಲ್ಲೇ. ದಿನಾ ಬೆಳಿಗ್ಗೆ ಇಡೀ ಊರನ್ನು ಅಡ್ಡ ದಾಟುವ ಒಂದೇ ರೈಲಿನಲ್ಲಿ ತೂಕಡಿಸುತ್ತಿದ್ದೆವು. ಒಂದು ಭಾನುವಾರ ಗಂಡಹೆಂಡಿರನ್ನು ಕಾಫಿಗೆ ಕರೆದೆ. ಅವನು ಗೋಡೆಯ ಸರ್ಟಿಫಿಕೇಟು ನೋಡಿ ಇದೇನೆಂದು ಕೇಳಿದ. ನಾನು ಕಾಯುತ್ತಿದ್ದ ಪ್ರಶ್ನೆಯೇ ಅದು. ಕೊಬ್ಬರಿ ಮಂಡಿಯಿಂದ ಶುರು ಮಾಡಿ ಘಟಿಕೋತ್ಸವದವರೆಗೂ ಹೇಳಿದೆ. ಅವನು ಕೊನೆಯವರೆಗೂ ಗೌರವದಿಂದ ಕೇಳಿ, ತನ್ನ ಅಜ್ಜ ಎಂಜಿನಿಯರ್, ಅಪ್ಪ ಎಂಜಿನಿಯರ್, ಅಮ್ಮ ಟೀಚರ್, ಅಕ್ಕ ಯೂನಿವರ್ಸಿಟಿಯಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಾಳೆ ಎಂದ. ಆಮೇಲೆ, "ನಮ್ಮ ಮನೆತನದಲ್ಲಿ ಡಿಗ್ರಿ ಇಲ್ಲದ ಮೊದಲನೆಯವನು ನಾನೇ" ಎಂದ. ನನ್ನ ದನಿಯಲ್ಲಿದ್ದಷ್ಟೇ ಹೆಮ್ಮೆ ಅವನದರಲ್ಲೂ ಇತ್ತು. ಹದಿನಾರಕ್ಕೆ ಶಾಲೆ ಬಿಟ್ಟು ಮೈದಾನಕ್ಕಿಳಿದಾಗ ಅವನಪ್ಪ ಒಂದು ವರ್ಷ ಮಾತು ಬಿಟ್ಟಿದ್ದರಂತೆ. ನನ್ನಪ್ಪ ನಾನು ಶಾಲೆ ಬಿಟ್ಟಿದ್ದರೆ ಮಾತು ಬಿಡುತ್ತಿರಲಿಲ್ಲ, ನೇರ ಮಂಡಿಗೆ ಕರೆದುಕೊಂಡು ಹೋಗುತ್ತಿದ್ದರು.

ಅವನು ಆಡುತ್ತಿದ್ದದ್ದು ಮಿಡ್‌ಫೀಲ್ಡ್‌ನಲ್ಲಿ. ಮೈದಾನದ ನಡುವೆ ನಿಂತು ಹಿಂದಿನವರಿಂದ ಚೆಂಡು ತೆಗೆದುಕೊಂಡು ಮುಂದಿನವರಿಗೆ ಕೊಡುವ ಕೆಲಸ. ನಮ್ಮ ಕನ್ನಡದವರಿಗೆ ಇದನ್ನು ವಿವರಿಸುವುದು ಕಷ್ಟ. ಎಷ್ಟು ಗೋಲ್ ಹೊಡೆದಿದ್ದಾನೆ ಎಂದು ಕೇಳುತ್ತಾರೆ. ಹೆಚ್ಚೇನೂ ಇಲ್ಲ ಎಂದರೆ, "ಮತ್ತೆ ಟೀಮ್‌ನಲ್ಲಿ ಯಾಕೆ ಇಟ್ಕೊಂಡಿದಾರೆ?" ಎನ್ನುತ್ತಾರೆ. ಗೋಲ್ ಹೊಡೆದವನಿಗೆ ಚೆಂಡು ಕೊಟ್ಟವನಿಗೆ ಚೆಂಡು ಕೊಟ್ಟವನು ಇವನು ಎಂದು ನಾನು ಹೇಳುವಷ್ಟರಲ್ಲಿ ಅವರು ಮಾರ್ಟ್‌ಗೇಜ್ ಬಡ್ಡಿಯ ವಿಷಯಕ್ಕೆ ಹೋಗಿರುತ್ತಾರೆ. ಮೆಲ್ಬರ್ನ್‌ನವರಿಗಂತೂ ಫುಟ್‌ಬಾಲ್ ಅಂದರೆ ಉದ್ದನೆಯ ಚೆಂಡಿನ, ಕೈಯಲ್ಲೂ ಹಿಡಿಯಬಹುದಾದ ಅವರದೇ ಆಟ. ಹೀಗಾಗಿ ಅವನು ಈ ಊರಿಗೆ ಬಂದದ್ದು ಯಾರೂ ಫುಟ್‌ಬಾಲ್ ಎಂದು ಕರೆಯದ ಫುಟ್‌ಬಾಲ್ ಆಡಲು. ಅಲ್ಲಿ ಜರ್ಮನಿಯಲ್ಲಿ ಎರಡನೇ ದರ್ಜೆ, ಮೂರನೇ ದರ್ಜೆಯ ತಂಡಗಳು. ಮೇಲಿನ ದರ್ಜೆಯಲ್ಲಿ ಯಾರಿಗೋ ಪೆಟ್ಟಾದಾಗ ಕೊನೆಯ ಹತ್ತು ನಿಮಿಷ. ಇದನ್ನೆಲ್ಲ ಅವನು ಮುಚ್ಚಿಡುತ್ತಿರಲಿಲ್ಲ. ಬಣ್ಣವನ್ನೂ ಹಚ್ಚುತ್ತಿರಲಿಲ್ಲ.

ಮೂವತ್ತೈದರ ಹತ್ತಿರ ಬಂದಾಗ ಮೊಣಕಾಲಿಗೆ ಆಪರೇಷನ್ ಆಯಿತು. ಮೆಲ್ಬರ್ನ್‌ನ ಕ್ಲಬ್ ಕಾಂಟ್ರಾಕ್ಟ್ ಮುಂದುವರಿಸಲಿಲ್ಲ. ನಮ್ಮ ಆಫೀಸಿನಲ್ಲಿ ಆ ವಯಸ್ಸಿಗೆ ಜನ ಆಗಷ್ಟೇ ಮ್ಯಾನೇಜರ್ ಆಗಿ ಹೊಟ್ಟೆ ಬಿಡಲು ಶುರು ಮಾಡುತ್ತಾರೆ. ಅವನನ್ನು ಮಾತ್ರ ಎಲ್ಲರೂ ಹಳೆಯ ಕಾರಿನ ಹಾಗೆ ಸುತ್ತಿ ಸುತ್ತಿ ನೋಡುತ್ತಿದ್ದರು. ಕೊನೆಗೆ ಸಿಡ್ನಿಯ ಕ್ಲಬ್ಬೊಂದು ಆಸೆ ತೋರಿಸಿತು. ಒಂದೇ ಒಂದು ಸೀಸನ್, ಅದೂ ಸೋಮವಾರ ಅವರ ಡಾಕ್ಟರು ಮೊಣಕಾಲು ನೋಡಿ ಒಪ್ಪಿದರೆ. ಅವನಿಗೆ ಬೇಕಿದ್ದದ್ದೂ ಅಷ್ಟೇ. ಆಸ್ಪತ್ರೆಯ ಹಾಸಿಗೆಯಲ್ಲಿ ತನ್ನ ಆಟ ಮುಗಿಯಬಾರದು, ಮೈದಾನದಿಂದ ತಾನೇ ನಡೆದು ಹೊರಗೆ ಬರಬೇಕು ಎನ್ನುತ್ತಿದ್ದ.

ಆ ಸೋಮವಾರದ ಹಿಂದಿನ ಶನಿವಾರ ಸಿಡ್ನಿಯ ರೌಸ್ ಹಿಲ್‌ನಲ್ಲಿ ಅಲ್ಲಿನ ಕನ್ನಡ ಸಂಘದ ವಾರ್ಷಿಕೋತ್ಸವ. ಸಂಘದ ಅಧ್ಯಕ್ಷ ನನ್ನ ಹಾಸ್ಟೆಲ್ ರೂಮ್‌ಮೇಟ್. ನಾನು ಹೊರಟಿದ್ದೆ. ಸೋಮವಾರದವರೆಗೆ ಹೋಟೆಲಿನಲ್ಲಿ ಒಬ್ಬನೇ ಕೂತರೆ ತಲೆ ಕೆಡುತ್ತದೆ ಎಂದು ಜರ್ಮನಿಯವನೂ ನನ್ನ ಜೊತೆ ಹೊರಟ. ಅಧ್ಯಕ್ಷನಿಗೆ ಫೋನ್ ಮಾಡಿ, ಜೊತೆಗೊಬ್ಬ ಫುಟ್‌ಬಾಲ್ ಪ್ಲೇಯರ್ ಬರುತ್ತಾನೆ, ನಿಮ್ಮ ಮನೆಯಲ್ಲಿ ಒಂದು ರೂಮು ಬೇಕು ಎಂದೆ. ಯಾವ ದೇಶದವನು, ಎಷ್ಟು ವಯಸ್ಸು ಎಂದು ಕೇಳಿದ. ಹೇಳಿದೆ. ಅದಕ್ಕಿಂತ ಹೆಚ್ಚು ಅವನು ಕೇಳಲಿಲ್ಲ.

ಶಾಲೆಯೊಂದರ ಸಭಾಂಗಣದಲ್ಲಿ ಕಾರ್ಯಕ್ರಮ. ಮಕ್ಕಳ ಡ್ಯಾನ್ಸ್ ಮುಗಿದ ಮೇಲೆ ಮೈಕ್‌ನಲ್ಲಿ ಅಧ್ಯಕ್ಷನ ದನಿ ಗಂಭೀರವಾಯಿತು. ಜರ್ಮನಿಯ ಖ್ಯಾತ ಆಟಗಾರರು, ಫುಟ್‌ಬಾಲ್ ರಂಗಕ್ಕೆ ಸುದೀರ್ಘ ಸೇವೆ ಸಲ್ಲಿಸಿ ಇದೀಗ ನಿವೃತ್ತರಾಗಿರುವವರು, ನಮ್ಮ ನಡುವೆ ಇದ್ದಾರೆ, ಅವರನ್ನು ವೇದಿಕೆಗೆ ಕರೆತರಬೇಕು ಎಂದ. ನಾನು ಏಳುವಷ್ಟರಲ್ಲಿ ಕಮಿಟಿಯ ಇಬ್ಬರು ಬಂದು ಅವನ ಎರಡೂ ತೋಳು ಹಿಡಿದಾಗಿತ್ತು. ನಮ್ಮಲ್ಲಿ ಗಣ್ಯರನ್ನು ಕೈಬೀಸಿಕೊಂಡು ನಡೆಯಲು ಬಿಡುವುದಿಲ್ಲ. ಒಬ್ಬೊಬ್ಬರು ಒಂದೊಂದು ಮೊಣಕೈ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿಸಬೇಕು, "ನಿಧಾನ ಸಾರ್, ನಿಧಾನ" ಎನ್ನುತ್ತಿರಬೇಕು. ಹಾಗೆಯೇ ಹತ್ತಿಸಿದರು. ಸಿಂಹಾಸನದಂಥ ಬಾಡಿಗೆ ಸೋಫಾದಲ್ಲಿ ಕೂರಿಸಿದರು. ಮೈಸೂರು ಪೇಟ, ಏಲಕ್ಕಿ ಹಾರ, ಶಾಲು, ಪ್ಲಾಸ್ಟಿಕ್ ಹಾಳೆ ಸುತ್ತಿದ ಹಣ್ಣಿನ ಬುಟ್ಟಿ. ಸೋಫಾ ಎಷ್ಟು ಆಳವಾಗಿತ್ತೆಂದರೆ, ಬುಟ್ಟಿ ತೊಡೆಯ ಮೇಲೆ ಬಂದ ಮೇಲೆ ಅವನು ಏಳಲು ಹೋಗಿ ಒಮ್ಮೆ ಹಿಂದಕ್ಕೆ ಬಿದ್ದ. ಇಬ್ಬರೂ ಮತ್ತೆ ಹಿಡಿದೆತ್ತಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅವನಿಗೆ ಒಂದಕ್ಷರ ಅರ್ಥವಾಗಿರಲಿಲ್ಲ, ಕೈ ಮುಗಿದ. ಕೆಳಗಿಳಿದು ಬಂದು, ಇಷ್ಟೊಂದು ಒಳ್ಳೆಯ ಜನ ಎಂದು ನನ್ನ ಕಿವಿಯಲ್ಲಿ ಹೇಳಿದ.

ಅಧ್ಯಕ್ಷನೂ ಕೆಳಗಿಳಿದ ಮೇಲೆ ಅವನನ್ನು ಪಕ್ಕಕ್ಕೆ ಕರೆದು ಕೇಳಿದೆ.

"ನಿವೃತ್ತ ಅಂತ ಯಾರು ಹೇಳಿದ್ರೋ ನಿಂಗೆ?"

"ಯಾರು ಹೇಳ್ಬೇಕು ಮಗಾ? ಮೂವತ್ತೈದು ಅಂದೆ, ಪ್ಲೇಯರ್ ಅಂದೆ. ಸನ್ಮಾನ ಅಂದ್ಮೇಲೆ ನಿವೃತ್ತಿ ಇರಲೇಬೇಕಲ್ವಾ. ಇನ್ನೂ ಕೆಲಸ ಮಾಡ್ತಿರೋರಿಗೆ ಯಾರಾದ್ರೂ ಶಾಲು ಹೊದಿಸ್ತಾರಾ?"

ನಾನು ಕಂಡ ಸನ್ಮಾನಗಳೆಲ್ಲ ಹಾಗೆಯೇ ಇದ್ದವು.

ಭಾನುವಾರ ಬೆಳಿಗ್ಗೆ ಅಧ್ಯಕ್ಷನ ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದಾಗ ಜರ್ಮನಿಯಿಂದ ಅವನ ಏಜೆಂಟ್ ಫೋನ್ ಮಾಡಿದ. ಇವನು ಎದ್ದು ಕಿಟಕಿಯ ಬಳಿ ಹೋದ. ಜರ್ಮನ್ ಭಾಷೆ ನನಗೆ ಬಾರದು, ಆದರೆ ಬೆನ್ನು ನೋಡಿದರೆ ಸುದ್ದಿ ತಿಳಿಯುತ್ತಿತ್ತು. ಸನ್ಮಾನದ ವಿಡಿಯೋವನ್ನು ಅಧ್ಯಕ್ಷ ಸಂಜೆಯೇ ಫೇಸ್‌ಬುಕ್‌ಗೆ ಹಾಕಿದ್ದ. ಕೆಳಗೆ ಎಲ್ಲರಿಗೂ ತಿಳಿಯಲಿ ಎಂದು ಇಂಗ್ಲಿಷಿನಲ್ಲೂ ನಿವೃತ್ತ ಎಂದು ಬರೆದಿದ್ದ. ಆ ಭಾಗದ ಅರ್ಧ ಮನೆಗಳು ಅದನ್ನು ಹಂಚಿಕೊಂಡಿದ್ದವು. ಯಾವುದೋ ಮನೆಯಿಂದ ಕ್ಲಬ್‌ನವರ ಕೈಗೂ ಹೋಗಿತ್ತು. ಮೊಣಕಾಲಿನ ಬಗ್ಗೆಯೇ ಅನುಮಾನವಿದ್ದ ಆ ಜನ ನೋಡಿದ್ದು, ನಾಲ್ಕು ಮೆಟ್ಟಿಲು ಹತ್ತಲು ಇಬ್ಬರ ಆಸರೆ ಬೇಕಾದ, ಸೋಫಾದಿಂದ ತಾನಾಗಿ ಏಳಲಾಗದ ಮನುಷ್ಯನನ್ನು.

ಫೋನ್ ಇಟ್ಟು ಬಂದು ಕೂತ. ಸಿಟ್ಟು ಮಾಡಲಿಲ್ಲ. ಅವರು ತನ್ನ ತೋಳು ಯಾಕೆ ಹಿಡಿದರು ಎಂದು ಮಾತ್ರ ಕೇಳಿದ. ಅದು ಮರ್ಯಾದೆ ಎಂದೆ. ಯಾವ ವಯಸ್ಸಿನವರಿಗೆ ಹಾಗೆ ಹಿಡಿಯುತ್ತೀರಿ ಎಂದ. ವಯಸ್ಸಿಲ್ಲ, ಗಣ್ಯರಾದರೆ ಸಾಕು, ಮೂವತ್ತರ ಸಿನಿಮಾ ನಟನನ್ನೂ ಹಾಗೆಯೇ ಹತ್ತಿಸುತ್ತೇವೆ ಎಂದೆ. ಅವನು ಅದನ್ನೇ ಏಜೆಂಟ್‌ಗೆ ಮತ್ತೆ ಫೋನ್ ಮಾಡಿ ಹೇಳಿದ. ಸೋಮವಾರದ ಪರೀಕ್ಷೆಗಾದರೂ ಹೋಗು ಎಂದು ಏಜೆಂಟ್ ಹೇಳಿದನಂತೆ.

ಅಧ್ಯಕ್ಷ ಕಂಗಾಲಾದ. ಕೆಟ್ಟವನಲ್ಲ ಅವನು. ಕ್ಲಬ್‌ಗೆ ಸಂಘದ ಲೆಟರ್‌ಹೆಡ್‌ನಲ್ಲಿ ಸ್ಪಷ್ಟೀಕರಣ ಕಳಿಸುತ್ತೇನೆ, ಪ್ರಧಾನ ಕಾರ್ಯದರ್ಶಿಯ ಸಹಿಯನ್ನೂ ಹಾಕಿಸುತ್ತೇನೆ ಎಂದ. ಕಷ್ಟಪಟ್ಟು ತಡೆದೆವು.

ಸೋಮವಾರ ಅಧ್ಯಕ್ಷ ಆಫೀಸಿಗೆ ವರ್ಕ್ ಫ್ರಮ್ ಹೋಮ್ ಎಂದು ಬರೆದು ಹಾಕಿ ತಾನೇ ಕಾರು ಓಡಿಸಿದ. ಕ್ಲಬ್‌ನ ಕಾರ್ ಪಾರ್ಕ್‌ನಲ್ಲಿ ನಾವಿಬ್ಬರೂ ಮಧ್ಯಾಹ್ನದವರೆಗೆ ಕಾದೆವು. ಒಳಗೆ ಡಾಕ್ಟರು ಹೊಸ ಸೇತುವೆಯನ್ನು ಪರೀಕ್ಷಿಸುವ ಹಾಗೆ ಅವನ ಮೊಣಕಾಲನ್ನು ಬಗ್ಗಿಸಿ, ಎಳೆದು, ಓಡಿಸಿ, ಹಾರಿಸಿ ನೋಡಿದರಂತೆ. ಮೊಣಕಾಲು ಪಾಸಾಯಿತು. ಆಮೇಲೆ ಅಧಿಕಾರಿಯೊಬ್ಬ ಅವನನ್ನು ಬೇರೆ ಕೋಣೆಗೆ ಕರೆದ. ಆ ವಿಡಿಯೋವನ್ನು ತಾವೆಲ್ಲ ಕೂತು ಎರಡು ಸಲ ನೋಡಿದೆವು ಎಂದನಂತೆ. ಈ ಕಡೆಯ ಸಬರ್ಬ್‌ಗಳಲ್ಲಿ ಇಂಡಿಯನ್ ಕುಟುಂಬಗಳು ತುಂಬುತ್ತಿವೆ, ಒಬ್ಬರೂ ಮ್ಯಾಚಿಗೆ ಬರುವುದಿಲ್ಲ, ನಿಮ್ಮನ್ನು ಕಂಡರೆ ಇಡೀ ಸಭೆ ಎದ್ದು ನಿಲ್ಲುತ್ತದೆ. ಆಟಗಾರನ ಜಾಗಕ್ಕೆ ವಯಸ್ಸು ಕಡಿಮೆಯವರನ್ನು ನೋಡುತ್ತಿದ್ದೇವೆ. ನೀವು ಈ ಕುಟುಂಬಗಳ ಜೊತೆ ಕೆಲಸ ಮಾಡುವ ಹುದ್ದೆಗೆ ಬನ್ನಿ. ಪರ್ಮನೆಂಟ್ ಕೆಲಸ. ಆಫೀಸು, ಕಾರು, ವೀಸಾಕ್ಕೆ ಸ್ಪಾನ್ಸರ್.

ಕಾರಿನೊಳಗೆ ಕೂತು ಇಷ್ಟನ್ನೂ ಹೇಳಿ, ತಾನು ಬೇಡವೆಂದೆ ಎಂದ. ಅಧ್ಯಕ್ಷ ಸೀಟ್ ಬೆಲ್ಟ್ ಹಾಕುತ್ತಿದ್ದವನು ಅಲ್ಲಿಗೇ ನಿಲ್ಲಿಸಿ ಕನ್ನಡದಲ್ಲಿ ನನ್ನನ್ನು ಕೇಳಿದ.

"ಸ್ಪಾನ್ಸರ್ ಮಾಡ್ತೀವಿ ಅಂದ್ರಂತಾ?"

"ಹೂಂ."

"ಬೇಡ ಅಂದ್ನಾ?"

"ಹೂಂ ಅಂತೀನಲ್ಲ."

"ಮಗಾ, ಇಲ್ಲೇ ಉಳಿಯೋ ಪಿಆರ್‌ಗೋಸ್ಕರ ನಾವು ಟಾಯ್ಲೆಟ್ ತೊಳೆದಿಲ್ವಾ? ಸ್ವಲ್ಪ ಕೇಳೋ, ತಲೆ ಸರಿಯಿದೆಯಾ ಅಂತ."

ಅಷ್ಟು ನೇರವಾಗಿ ಕೇಳಲಿಲ್ಲ, ಆದರೆ ಕೇಳಿದೆ. ಹೆಂಡತಿಯ ನರ್ಸಿಂಗ್ ಡಿಗ್ರಿಯ ಮೇಲೆ ಇಬ್ಬರಿಗೂ ವೀಸಾ ಇದೆ, ದೇಶ ಬಿಡಬೇಕಾಗಿಲ್ಲ ಎಂದ. ಡಿಗ್ರಿಯ ಮಾತು ಬಂದದ್ದಕ್ಕೆ ಒಳಗೊಳಗೇ ನನಗೆ ಖುಷಿಯಾಯಿತು. ಆಮೇಲೆ ಅವನು ಕಿಟಕಿಯಾಚೆ ನೋಡುತ್ತ ಹೇಳಿದ: "ಶನಿವಾರ ನೀವು ಏನು ಹೇಳುತ್ತಿದ್ದೀರಿ ಅಂತ ನನಗೆ ತಿಳಿಯಲಿಲ್ಲ, ಅದಕ್ಕೆ ಸುಮ್ಮನೆ ಕೂತೆ. ಇವತ್ತು ಅವರೂ ಅದನ್ನೇ ಹೇಳಿದರು, ತಿಳಿಯಿತು, ಎದ್ದು ಬಂದೆ."

ಇದನ್ನು ನಾನು ಕನ್ನಡಕ್ಕೆ ತಿರುಗಿಸಲಿಲ್ಲ. ಅಧ್ಯಕ್ಷನಿಗೆ ಇಂಗ್ಲಿಷ್ ಬರುತ್ತದೆ. ಅವನು ಏರ್‌ಪೋರ್ಟ್‌ನಲ್ಲಿ ಹಣ್ಣಿನ ಬುಟ್ಟಿಯನ್ನು ಮರೆಯದೆ ಡಿಕ್ಕಿಯಿಂದ ತೆಗೆದುಕೊಟ್ಟ.

ನನ್ನ ಪ್ರಕಾರ ಅವನು ಮಾಡಿದ್ದು ಪೆದ್ದುತನ. ಈಗಲೂ ಹಾಗೇ ಅನ್ನುತ್ತೇನೆ. ನಾನಾಗಿದ್ದರೆ ಅಧಿಕಾರಿ ಮಾತು ಮುಗಿಸುವ ಮೊದಲೇ ಪೆನ್ನು ಕೇಳುತ್ತಿದ್ದೆ. ಮೈ ಮುರಿದು ದುಡಿಯುವ ಕೆಲಸದಿಂದ ಕುರ್ಚಿಯ ಕೆಲಸಕ್ಕೆ ಬರಲು ನಮ್ಮ ಮನೆಯಲ್ಲಿ ಎರಡು ತಲೆಮಾರು ಹಿಡಿಯಿತು. ತಾನಾಗಿ ಬಂದ ಕುರ್ಚಿಯನ್ನು ಒದ್ದು ಹೋದವನನ್ನು ನಾನು ನೋಡಿರಲೇ ಇಲ್ಲ. ಈಗ ಅವನು ಬೆಳಿಗ್ಗೆ ಟ್ರುಗನಿನಾದ ಗೋದಾಮೊಂದರಲ್ಲಿ ಪೆಟ್ಟಿಗೆ ಎತ್ತುತ್ತಾನೆ, ಸಂಜೆ ಹತ್ತಿರದ ಸಣ್ಣ ಕ್ಲಬ್‌ನಲ್ಲಿ ಅಭ್ಯಾಸ ಮಾಡುತ್ತಾನೆ, ಶನಿವಾರ ಆಡುತ್ತಾನೆ. ಮೂಟೆ ಹೊರುವವರ ಬೆನ್ನು ನನಗೆ ಗೊತ್ತು. ಸೊಂಟದಿಂದಲ್ಲ, ಕಾಲಿನಿಂದ ಎತ್ತು ಎಂದು ಅಪ್ಪನ ಪಾಠವನ್ನು ಒಪ್ಪಿಸಿದೆ. ಕಾಲು ಆಟಕ್ಕೆ ಬೇಕು ಎಂದು ನಕ್ಕ.

ವಿಡಿಯೋ ತೆಗೆದುಹಾಕು ಎಂದು ಅಧ್ಯಕ್ಷನಿಗೆ ಎರಡು ಸಲ ಹೇಳಿದೆ. ಸಂಘದ ಪೇಜ್‌ನಲ್ಲಿ ಅಷ್ಟು ಜನ ನೋಡಿದ ವಿಡಿಯೋ ಇನ್ನೊಂದಿಲ್ಲ, ಕಮಿಟಿ ಒಪ್ಪುವುದಿಲ್ಲ ಎಂದ. ಆದರೆ ತಪ್ಪು ತಿದ್ದುತ್ತೇನೆಂದು ಮಾತು ಕೊಟ್ಟ. ತಿದ್ದಿದ. ಈಗ ಅಲ್ಲಿ "ಇನ್ನೂ ನಿವೃತ್ತರಾಗದ ಖ್ಯಾತ ಜರ್ಮನ್ ಆಟಗಾರರಿಗೆ ಸನ್ಮಾನ" ಎಂದಿದೆ. ಅದರ ಕೆಳಗೆ ಯಾರೋ ಆಂಟಿ ಕೇಳಿದ್ದಾರೆ: "ಯಾವಾಗ ನಿವೃತ್ತಿ ಸರ್?"

ಬೇಲಿಯ ಬಳಿ ಸಿಕ್ಕಾಗ ಇದನ್ನು ಅವನಿಗೆ ಓದಿ ಹೇಳಿದೆ. ಉತ್ತರ ಬರೆ ಎಂದ. ಶನಿವಾರ ಮೂರು ಗಂಟೆಗೆ ಮ್ಯಾಚ್ ಇದೆ, ಎಲ್ಲರೂ ಬನ್ನಿ, ಟಿಕೆಟ್ ಇಲ್ಲ ಎಂದು ಅವನ ಪರವಾಗಿ ಕನ್ನಡದಲ್ಲಿ ಟೈಪ್ ಮಾಡಿ, ಮೈದಾನದ ವಿಳಾಸವನ್ನೂ ಹಾಕಿದೆ. ಸಂಜೆಯೊಳಗೆ ಮೆಲ್ಬರ್ನ್‌ನ ಕನ್ನಡದವರಿಂದಲೂ ಸಾಲುಸಾಲು ಲೈಕ್‌ಗಳು, ಕೈ ಮುಗಿಯುವ ಚಿತ್ರಗಳು ಬಂದವು. ಶನಿವಾರ ಗಾಳಿ ಜೋರಾಗಿತ್ತು. ನಾನು ಹೋದೆ. ಕನ್ನಡದವರ ಪೈಕಿ ನಾನೊಬ್ಬನೇ.