ಬೆಚ್ಚಗಿದ್ದ ಸಿಲಿಂಡರ್

ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಎಷ್ಟು ಸಂದು ಇದೆ ಎಂದು ನೋಡುವ ಕೆಲಸವನ್ನು ಕೊಪ್ಪದ ನನ್ನ ಗ್ಯಾರೇಜಿನಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಮಾಡುತ್ತಿದ್ದೇನೆ. ಸಾಕಾಗಿದೆ. ಸೊಂಟ ಬಗ್ಗುವುದಿಲ್ಲ, ಕನ್ನಡಕ ಇಲ್ಲದೆ ಗೇಜಿನ ಮೇಲಿನ ಅಂಕಿ ಕಾಣುವುದಿಲ್ಲ. ಟೂ-ಸ್ಟ್ರೋಕಿನ ಕಾಲ ಮುಗಿಯಿತು ಎಂದು ಎಲ್ಲರೂ ಹೇಳುತ್ತಾರೆ. ಆದರೂ ಮಣ್ಣಿನ ರೇಸಿನ ಹುಚ್ಚು ಹಿಡಿದವರು ಹಳೆಯ ಬೈಕನ್ನು ಎಲ್ಲಿಂದಲೋ ಹುಡುಕಿ ತಂದು, ಲೈಟು, ಮಡ್ಗಾರ್ಡು ಕಿತ್ತುಹಾಕಿ, ಇಂಜಿನ್ನನ್ನು ಗೋಣಿಚೀಲದಲ್ಲಿ ಹೊತ್ತುಕೊಂಡು ನನ್ನಲ್ಲಿಗೇ ಬರುತ್ತಾರೆ. ಆಗಲ್ಲ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಕೆಲಸ ಹೇಳುವುದಕ್ಕೆ ಸುಲಭ. ರಿಂಗ್ ಹಾಕದ ಪಿಸ್ಟನ್ನನ್ನು ಒಣಗಿದ ಸಿಲಿಂಡರಿನೊಳಗೆ ಇಳಿಸಬೇಕು. ಪಕ್ಕದಲ್ಲಿ ಫೀಲರ್ ಗೇಜಿನ ತೆಳ್ಳನೆಯ ಬ್ಲೇಡು ತೂರಿಸಿ ಎಳೆಯಬೇಕು. ಸ್ವಲ್ಪ ಹಿಡಿದು ಹಿಡಿದು ಬಂದರೆ ಸರಿ. ಸಲೀಸಾಗಿ ಬಂದರೆ ಸಡಿಲ, ಇಂಜಿನ್ ಗಡಗಡ ಅನ್ನುತ್ತದೆ. ಬ್ಲೇಡು ತೂರಲೇ ಇಲ್ಲವೆಂದರೆ ಬಿಗಿ. ಆಗ ಪಿಸ್ಟನ್ ಬಿಸಿಗೆ ಹಿಗ್ಗಿ ಸಿಲಿಂಡರಿನ ಗೋಡೆಗೆ ಕಚ್ಚಿಕೊಳ್ಳುತ್ತದೆ, ಓಡುತ್ತಿರುವ ಬೈಕಿನ ಹಿಂದಿನ ಚಕ್ರ ಅಲ್ಲಿಗೇ ನಿಂತುಬಿಡುತ್ತದೆ. ನರಸಿಂಹರಾಜಪುರದಲ್ಲಿ ನನಗೆ ಕೆಲಸ ಕಲಿಸಿದವರು ಇನ್ನೊಂದು ಮಾತನ್ನೂ ಹೇಳಿದ್ದರು. "ಎರಡೂ ಒಂದೇ ಬೆಂಚಿನ ಮೇಲೆ ತಣ್ಣಗೆ ಕೂತಿರ್ಬೇಕು. ಆಮೇಲೆ ಅಳತೆ ತಗೋ." ಅದು ನನಗೆ ಮರೆತಿರಲಿಲ್ಲ. ಮರೆತಿದ್ದರೆ ಇಷ್ಟು ಬೇಸರವಾಗುತ್ತಿರಲಿಲ್ಲ.

ಕಳೆದ ವರ್ಷ ಮಳೆ ಇನ್ನೂ ಪೂರ್ತಿ ಬಿಡದ ಹೊತ್ತಿನಲ್ಲಿ ಭಂಡಿಗಡಿಯ ಸವಾರನೊಬ್ಬ ಅಣ್ಣನ ಜೊತೆ ಇಂಜಿನ್ ತಂದ. ಇಬ್ಬರೂ ಮೂವತ್ತು ದಾಟಿದವರು. ತಮ್ಮನದು ಓಡಿಸುವುದು ಮಾತ್ರ, ಉಳಿದದ್ದೆಲ್ಲ ಅಣ್ಣನ ಪಾಲು. ಪೆಟ್ರೋಲಿಗೆ ಆಯಿಲ್ ಬೆರೆಸುವವನು ಅವನು, ಚೈನು ತೊಳೆಯುವವನು ಅವನು, ರೇಸಿನ ದಿನ ಟ್ರ್ಯಾಕಿನ ಪಕ್ಕದ ಎತ್ತರದ ದರೆಯ ಮೇಲೆ ನಿಂತು ಗಂಟಲು ಹರಿಯುವಂತೆ ಕೂಗುವವನೂ ಅವನೇ. ಆ ಜೋಡಿಯನ್ನು ಕಂಡರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಗುತ್ತಿತ್ತು.

ಶಿವಮೊಗ್ಗದಲ್ಲಿ ಒಳಗೋಡೆ ಕೊರೆಸಿ ಬೋರ್ ಮಾಡಿಸಿಕೊಂಡು ಬಂದ ಸಿಲಿಂಡರನ್ನು ಸೋಪು ನೀರಿನಲ್ಲಿ ತೊಳೆದೆ. ಹಾಗೇ ಬಿಟ್ಟರೆ ನಮ್ಮ ಕಡೆಯ ಥಂಡಿಗೆ ನೋಡುನೋಡುತ್ತಿದ್ದಂತೆ ತುಕ್ಕು ಹಿಡಿಯುತ್ತದೆ. ಗ್ಯಾರೇಜಿನ ಹಿಂದೆಯೇ ನಮ್ಮ ಮನೆ. ಮಳೆಗಾಲದಲ್ಲಿ ನಮ್ಮಲ್ಲಿ ಒಣಗಬೇಕಾದ್ದೆಲ್ಲ ಬಚ್ಚಲ ಒಲೆಯ ಕಟ್ಟೆ ಸೇರುತ್ತದೆ. ಸಾಕ್ಸು, ಕೊಡೆ, ಬೆಂಕಿಪೊಟ್ಟಣ, ಒಮ್ಮೆ ಮೊಬೈಲನ್ನೂ ಇಟ್ಟಿದ್ದೆವು. ಅವತ್ತು ಸಿಲಿಂಡರನ್ನೂ ಇಟ್ಟೆ.

"ಇದಕ್ಕೂ ಸ್ನಾನ ಮಾಡಿಸ್ತೀರಾ?" ಎಂದು ಹೆಂಡತಿ ನಕ್ಕಳು.

ಅರ್ಧ ಗಂಟೆ ಬಿಟ್ಟು ಅದನ್ನು ಬಟ್ಟೆಯಲ್ಲಿ ಹಿಡಿದು ತಂದೆ. ಬೆಂಚಿನ ಮೇಲೆ ತಣ್ಣಗಿದ್ದ ಹೊಸ ಪಿಸ್ಟನ್ ಇಳಿಸಿ ಬ್ಲೇಡು ಎಳೆದೆ. ಹಿಡಿದು ಹಿಡಿದು ಬಂತು. ಅಷ್ಟು ಸಾಕಾಯಿತು ನನಗೆ. ಬೆಳಗಿನಿಂದ ನಿಂತೇ ಇದ್ದೆ, ಇನ್ನೊಮ್ಮೆ ನೋಡುವ ಮನಸ್ಸೇ ಬರಲಿಲ್ಲ. ಇಂಜಿನ್ ಕಟ್ಟಿ ಕಳಿಸಿದೆ.

ರೇಸಿನ ಮೊದಲ ಸುತ್ತಿನಲ್ಲೇ, ಏರು ಹತ್ತುವಾಗ, ಪಿಸ್ಟನ್ ಕಚ್ಚಿಕೊಂಡು ಇಂಜಿನ್ ಸೀಜ್ ಆಯಿತು. ಸವಾರ ಹಾರಿಬಿದ್ದು ಭುಜದ ಮೂಳೆ ಮುರಿದುಕೊಂಡ. ಮುಂದಿನ ವಾರ ಕೈಯನ್ನು ಪಟ್ಟಿಯಲ್ಲಿ ತೂಗಿಹಾಕಿಕೊಂಡು ಅಣ್ಣನೊಂದಿಗೆ ಬಂದ. ಅವರೆದುರೇ ಇಂಜಿನ್ ಬಿಚ್ಚಿದೆ. ಪಿಸ್ಟನ್ನಿನ ಮೈಮೇಲೆ ಗೀರುಗಳು ಬಿದ್ದಿದ್ದವು. ಪೆಟ್ರೋಲಿನಲ್ಲಿ ಆಯಿಲ್ ಸಾಲದಿದ್ದರೂ ಪಿಸ್ಟನ್ ಕಚ್ಚಿಕೊಳ್ಳುವುದುಂಟು. ಎಲ್ಲಿ, ಹೇಗೆ ಬಿದ್ದಿವೆ ಎಂದು ನೋಡುವ ಮೊದಲೇ, "ಆಯಿಲ್ ಕಮ್ಮಿ ಹಾಕಿದೀರಿ" ಅಂದುಬಿಟ್ಟೆ.

"ಸರಿಯಾಗೇ ಹಾಕಿದೀನಿ ಮಾರಾಯ್ರೆ, ಅಳತೆ ಲೋಟದಲ್ಲಿ" ಎಂದ ಅಣ್ಣ.

"ಸರಿಯಾಗಿ ಹಾಕಿದ್ರೆ ಯಾಕೆ ಹಿಡ್ಕೊಳ್ತಿತ್ತು? ನಾನೇನು ನಿನ್ನೆ ಮೊನ್ನೆ ಗ್ಯಾರೇಜ್ ಇಟ್ಟವನಾ?"

ತಮ್ಮ ಅಣ್ಣನ ಕಡೆ ತಿರುಗಿದ. "ನನ್ನ ಜೀವನೇ ಹೋಗ್ತಿತ್ತಲ್ಲ ಅಣ್ಣ. ಅಷ್ಟು ನೋಡಿ ಹಾಕಕ್ಕೂ ಆಗ್ಲಿಲ್ವಾ ನಿಂಗೆ?" ಅಂದ. ಇನ್ನೂ ಏನೇನೋ ಅಂದ. ಅಣ್ಣ ಎದ್ದು ಹೊರಗೆ ಹೋಗಿ ರಸ್ತೆ ನೋಡುತ್ತ ನಿಂತ. ಕೆಲವು ತಿಂಗಳಾದ ಮೇಲೆ, ಅವನು ಹೆಂಡತಿಯ ಊರು ಅಡ್ಡಗದ್ದೆಗೆ ಹೋಗಿದ್ದಾನೆ, ಇಬ್ಬರಿಗೂ ಮಾತಿಲ್ಲ ಎಂದು ಯಾರೋ ಹೇಳಿದರು. ಎಲ್ಲರ ಮನೆಯಲ್ಲೂ ಇದ್ದದ್ದೇ ಎಂದು ನಾನು ಸ್ಪಾನರ್ ಎತ್ತಿಕೊಂಡೆ.

ಈ ವರ್ಷ ಮತ್ತೆ ಅದೇ ಕಾಲ, ಬೇರೆ ಯಾರದೋ ಇಂಜಿನ್. ಸಿಲಿಂಡರ್ ತೊಳೆದು, ಒಲೆಕಟ್ಟೆಯಲ್ಲಿ ಒಣಗಿಸಿ ತಂದು ಅಳೆದೆ. ಸರಿಯಿತ್ತು. ಅಷ್ಟರಲ್ಲಿ ಒಂದು ಫೋನ್ ಬಂತು, ಆಮೇಲೆ ಯಾರೋ ಪಂಕ್ಚರ್ ಅಂದರು. ಒಂದು ಗಂಟೆ ಕಳೆದು ವಾಪಸು ಬಂದವನು ಯಾಕೋ ಬ್ಲೇಡನ್ನು ಮತ್ತೆ ತೂರಿಸಲು ಹೋದೆ. ತೂರಲಿಲ್ಲ. ಇನ್ನೊಂದು ಬದಿಯಲ್ಲಿ ನೋಡಿದೆ, ಅಲ್ಲೂ ಇಲ್ಲ. ಸಿಲಿಂಡರ್ ಮುಟ್ಟಿದೆ. ತಣ್ಣಗಾಗಿತ್ತು. ಬಿಸಿಗೆ ಹಿಗ್ಗಿದ್ದಾಗ ಸರಿಯಾಗಿ ಕಂಡ ಸಂದು ಆರಿದ ಮೇಲೆ ಮುಚ್ಚಿಹೋಗಿತ್ತು.

ಅಯ್ಯೋ ದೇವರೇ, ಅಂದೆ. ಭಂಡಿಗಡಿಯವನ ಹಾಳಾದ ಪಿಸ್ಟನ್ ಇನ್ನೂ ಶೆಲ್ಫಿನಲ್ಲಿತ್ತು, ಅದರೊಳಗೆ ಸಣ್ಣ ನಟ್ಟು ಹಾಕಿಡುತ್ತಿದ್ದೆ. ಸುರಿದು ಒರೆಸಿ ಬೆಳಕಿಗೆ ಹಿಡಿದೆ. ದುಂಡು ಮೈಯ ನಾಲ್ಕು ಕಡೆ ನಾಲ್ಕು ಉದ್ದ ಗೀರು. ಆಯಿಲ್ ಸಾಲದಿದ್ದರೆ ಹೀಗಾಗುವುದಿಲ್ಲ, ಮೈಯೆಲ್ಲ ಲೋಹ ಬಳಿದುಕೊಂಡಂತೆ ಆಗುತ್ತದೆ. ನಾಲ್ಕು ಗೀರು ಬಿದ್ದರೆ ಪಿಸ್ಟನ್ ಬಿಗಿಯಿತ್ತು ಎಂದೇ ಲೆಕ್ಕ. ಒಂದು ವರ್ಷ ದಿನಾ ಅದಕ್ಕೆ ಕೈ ಹಾಕುತ್ತಿದ್ದೆ.

ಹೇಳಬೇಕು ಅಂದುಕೊಂಡೆ, ಹೇಳಲಿಲ್ಲ. ಹೇಳಿದರೆ ಆಮೇಲೆ ಯಾರು ನನ್ನ ಹತ್ತಿರ ಬರುತ್ತಾರೆ? ಮೂರು ವಾರ ಹೀಗೇ ಕಳೆಯಿತು. ಅನ್ನ ಸೇರುತ್ತಿರಲಿಲ್ಲ. ಹೆಂಡತಿ ಕೇಳಿದರೆ ಗ್ಯಾಸ್ಟ್ರಿಕ್ ಅಂದೆ. ಒಂದು ಬೆಳಿಗ್ಗೆ ಆ ಸವಾರನೇ ಬಂದ, ಒಬ್ಬನೇ. ಕಿಸೆಯಿಂದ ದನಕ್ಕೆ ಚುಚ್ಚುವ ದೊಡ್ಡ ಸಿರಿಂಜು ತೆಗೆದು ತೋರಿಸಿದ. "ಈಗ ಆಯಿಲ್ ಇದ್ರಲ್ಲಿ ನಾನೇ ಅಳೆದು ಹಾಕ್ತೀನಿ. ಯಾರನ್ನೂ ನಂಬಲ್ಲ ಮಾರಾಯ್ರೆ."

ಇನ್ನು ತಡೆಯಲಾಗಲಿಲ್ಲ. ಪಿಸ್ಟನ್ನನ್ನು ಅವನ ಕೈಗೆ ಕೊಟ್ಟು ಒಲೆಕಟ್ಟೆಯಿಂದ ಹಿಡಿದು ಎಲ್ಲ ಹೇಳಿದೆ. ಬಯ್ಯುತ್ತಾನೆ ಅಂದುಕೊಂಡಿದ್ದೆ. ಅವನು ಭುಜ ಸವರಿಕೊಂಡ.

"ಮೂಳೆ ಕೂಡ್ಕಂತು, ಹೋಗ್ಲಿ. ಅಣ್ಣಂಗೆ ನಾನು ಅಂದಿದ್ದು?" ಪಿಸ್ಟನ್ನನ್ನು ಬೆಂಚಿನ ಮೇಲಿಟ್ಟು, "ನೀವೇ ಹೋಗಿ ಹೇಳಿ. ನಂಗೆ ಮುಖ ಇಲ್ಲ" ಅಂದ.

ಭಾನುವಾರ ಗ್ಯಾರೇಜು ಮುಚ್ಚಿ ಬಸ್ಸಿನಲ್ಲಿ ಅಡ್ಡಗದ್ದೆಗೆ ಹೋದೆ. ಅಣ್ಣ ಅಂಗಳದಲ್ಲಿ ಕೂತು ಕಳೆ ಕೊಚ್ಚುವ ಮಿಷನ್ನಿಗೆ ಪೆಟ್ರೋಲ್ ಬೆರೆಸುತ್ತಿದ್ದ. ಅಳತೆ ಲೋಟಕ್ಕೆ ಆಯಿಲ್ ಸುರಿದು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿದ. ಕೆಳಗಿಟ್ಟ. ಮತ್ತೆ ಎತ್ತಿ ನೋಡಿದ. ಕ್ಯಾನಿಗೆ ಸುರಿಯುವ ಮೊದಲು ಮೂರನೆಯ ಸಲವೂ ನೋಡಿದ.

ನಾನು ನಿಂತುಕೊಂಡೇ ಹೇಳಿದೆ. ತಪ್ಪು ನನ್ನದು, ನಿಮ್ಮ ಆಯಿಲ್ ಸರಿಯಿತ್ತು ಎಂದೆ. ಅವನು ಎಲ್ಲ ಕೇಳಿಸಿಕೊಂಡು, "ಎಷ್ಟು ಬಿಗಿ ಇತ್ತು?" ಎಂದು ಕೇಳಿದ. ಕಿಸೆಯಲ್ಲಿದ್ದ ಗೇಜಿನಿಂದ ಎಲ್ಲಕ್ಕಿಂತ ತೆಳು ಬ್ಲೇಡನ್ನು ಬಿಡಿಸಿ ಕೊಟ್ಟೆ. ಎರಡು ಬೆರಳಲ್ಲಿ ಹಿಡಿದು ಬಗ್ಗಿಸಿ ನೋಡಿದ.

"ಇಷ್ಟೇನಾ?"

"ಇಷ್ಟೇ" ಅಂದೆ.

ಬ್ಲೇಡನ್ನು ವಾಪಸು ಕೊಟ್ಟ. ಅವನ ಕಣ್ಣಲ್ಲಿ ನೀರಿತ್ತು.

"ಕಮ್ಮಿ ಹಾಕಿದ್ದು ನಾನೇ ಇರ್ಬೇಕು ಅಂತ ನಂಗೇ ಅನ್ಸಕ್ಕೆ ಶುರುವಾಗಿತ್ತು, ಮಾರಾಯ್ರೆ" ಅಂದ.